ಮಾರ್ಚ್ 31ರ ಬಿಲ್‌ಗಳು ಎಲ್ಲಿ ಹೋದವು?

ಡೇಟಾಬೇಸ್‌ನಿಂದ ತಿಂಗಳ ರಿಪೋರ್ಟ್ ತೆಗೆಯೋಕೆ ಎಸ್‌ಕ್ಯುಎಲ್ ಕ್ವೆರಿ ಬರೆಯಬೇಕು ಅಂದ ತಕ್ಷಣ ಎಲ್ಲರ ಕೈ ಹೋಗುವುದು ಬಿಟ್ವೀನ್ ಕಡೆಗೇ, ಅಂದರೆ ‘ಇದರಿಂದ ಇದರವರೆಗೆ’ ಅನ್ನುವ ಷರತ್ತಿನ ಕಡೆಗೆ. ಬಿಟ್ವೀನ್ '2025-03-01' ಆ್ಯಂಡ್ '2025-03-31' ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತದೆ, ಎರರ್ ಕೂಡ ಬರಲ್ಲ. ಆದರೆ ಕಾಲಂ ಟೈಮ್‌ಸ್ಟ್ಯಾಂಪ್ (ತಾರೀಖಿನ ಜೊತೆ ಸಮಯವನ್ನೂ ಇಡುವ ಬಗೆ) ಆಗಿದ್ದರೆ ಆ ಎರಡನೇ ತಾರೀಖನ್ನು ಡೇಟಾಬೇಸ್ 31ರ 00:00:00 ಅಂತಲೇ ಓದಿಕೊಳ್ಳುತ್ತದೆ, ಅಂದರೆ ಅವತ್ತು ಬೆಳಗ್ಗೆ 10ಕ್ಕೆ ಆದ ಬಿಲ್, ಸಂಜೆ ಆದ ಬಿಲ್ ಎಲ್ಲಾ ಲೆಕ್ಕದಿಂದ ಹೊರಗೆ. ಅದೂ ಹಣಕಾಸು ವರ್ಷದ ಕೊನೇ ದಿನ! ಕೆಲವರು 23:59:59 ಅಂತ ಸೇರಿಸುತ್ತಾರೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಮಯವನ್ನು ಮೈಕ್ರೋಸೆಕೆಂಡ್‌ವರೆಗೂ (ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ) ಇಟ್ಟುಕೊಳ್ಳುತ್ತದೆ, ಹಾಗಾಗಿ 23:59:59.4ಕ್ಕೆ ಬಂದ ಸಾಲು ಆಗಲೂ ತಪ್ಪಿಹೋಗುತ್ತದೆ.

ನಾನು ಬರೆಯುವುದು ಹೀಗೆ: >= '2025-03-01' ಮತ್ತು < '2025-04-01'. ಫೆಬ್ರವರಿಗೆ 28 ದಿನವೋ 29 ದಿನವೋ ಅಂತ ತಲೆ ಕೆಡಿಸಿಕೊಳ್ಳೋದೇ ಬೇಡ. ಸಮಯ ತೆಗೆದು ತಾರೀಖು ಮಾತ್ರ ಉಳಿಸೋಕೆ ಅಂತ ಕಾಲಂ ಮೇಲೆ ಸುಮ್ನೆ ಡೇಟ್ ಫಂಕ್ಷನ್ ಹಾಕಬೇಡಿ. ಉತ್ತರ ಸರಿಯಾಗಿ ಬಂದರೂ ಆ ಕಾಲಂನ ಮಾಮೂಲಿ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಿಕೊಡುವ ಪಟ್ಟಿ) ಉಪಯೋಗಕ್ಕೆ ಬರಲ್ಲ.

ಇನ್ನು ಟೈಮ್‌ಜೋನ್. ನಮ್ಮ ಸಮಯ ಯುಟಿಸಿಗಿಂತ (ಜಗತ್ತಿಗೆಲ್ಲ ಆಧಾರವಾದ ಸಮಯ) ಐದೂವರೆ ಗಂಟೆ ಮುಂದೆ, ಅಲ್ವಾ? ಏಪ್ರಿಲ್ 1ರ ಬೆಳಗಿನ ಜಾವ 2ಕ್ಕೆ ಬೆಂಗಳೂರಲ್ಲಿ ಆದ ಆರ್ಡರ್, ಯುಟಿಸಿ ಲೆಕ್ಕದಲ್ಲಿ ಮಾರ್ಚ್ 31ರ ರಾತ್ರಿ 8:30. ತಿಂಗಳೇ ಬದಲಾಯ್ತು, ಹಣಕಾಸು ವರ್ಷವೂ ಬದಲಾಯ್ತು. ಪೋಸ್ಟ್‌ಗ್ರೆಸ್‌ನ ಟೈಮ್‌ಸ್ಟ್ಯಾಂಪ್‌ಟಿಜೆಡ್ ಅನ್ನುವ ಕಾಲಂ ಬಗೆಯ ಹೆಸರಲ್ಲಿ ಜೋನ್ ಇದೆ (ಟಿಜೆಡ್ ಅಂದರೆ ಟೈಮ್‌ಜೋನ್), ಆದರೆ ಅದು ನೀವು ಕೊಟ್ಟ ಜೋನನ್ನು ಉಳಿಸಿಕೊಳ್ಳುವುದಿಲ್ಲ, ಯುಟಿಸಿಗೆ ಬದಲಿಸಿ ಇಟ್ಟುಕೊಂಡು ತೋರಿಸುವಾಗ ನಿಮ್ಮ ಸೆಷನ್‌ನ (ಡೇಟಾಬೇಸ್ ಜೊತೆಗಿನ ನಿಮ್ಮ ಸಂಪರ್ಕದ) ಜೋನ್‌ಗೆ ತಿರುಗಿಸಿ ಕೊಡುತ್ತದೆ. ಅಂಥ ಕಾಲಂ ಇದ್ದರೆ ಕ್ವೆರಿಯಲ್ಲೇ '2025-04-01 00:00+05:30' ಅಂತ ಪೂರ್ತಿ ಬರೆದುಬಿಡಿ, ಸರ್ವರ್ ಯಾವ ಜೋನ್‌ನಲ್ಲಿದ್ದರೂ ಉತ್ತರ ಒಂದೇ ಬರುತ್ತದೆ.