ನನ್ನ ಮಗುವಿಗೆ ಯಾಕೆ ಫ್ರೆಂಡ್ಸ್ ಸಿಗುತ್ತಿಲ್ಲ?

ನಾನು ಟೀಚರ್ ಅಂತ ಗೊತ್ತಾದ ಕೂಡಲೇ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಹೊಸ ಶಾಲೆ, ಸೇರಿ ತಿಂಗಳಾಯಿತು, ಮಗು ಇನ್ನೂ ಒಂಟಿ. ಏನು ಮಾಡೋಣ?

"ಹೋಗಿ ಫ್ರೆಂಡ್ಸ್ ಮಾಡ್ಕೋ" ಅಂತ ಮಾತ್ರ ಕಳಿಸಬೇಡಿ. ದೊಡ್ಡವರಾದ ನಮ್ಮಿಂದಲೇ ಆಗದ ಕೆಲಸ ಅದು. "ಇವತ್ತು ಯಾರಿಗಾದರೂ ಒಂದು ಸಣ್ಣ ಸಹಾಯ ಮಾಡಿ ಬಾ" ಅನ್ನಿ. ಅದು ಮಗುವಿನ ಕೈಲಾಗುತ್ತದೆ.

ಸುಮ್ನೆ ಹೇಳುತ್ತಿಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ 9ರಿಂದ 11 ವರ್ಷದ 400ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. 4 ವಾರ ಕೆಲವು ಮಕ್ಕಳು ವಾರಕ್ಕೆ 3 ಒಳ್ಳೆಯ ಕೆಲಸ ಮಾಡಬೇಕು, ಉಳಿದವರು 3 ಇಷ್ಟದ ಜಾಗಗಳಿಗೆ ಹೋಗಿ ಬರಬೇಕು. ಖುಷಿ ಎರಡೂ ಗುಂಪಿನವರಿಗೆ ಜಾಸ್ತಿಯಾಯಿತು. ಆದರೆ ಜೊತೆಗೆ ಯಾರು ಬೇಕು ಅಂತ ತರಗತಿಯವರನ್ನು ಕೇಳಿದಾಗ, ಒಳ್ಳೆಯ ಕೆಲಸ ಮಾಡಿದ ಮಕ್ಕಳ ಹೆಸರು ಮೊದಲಿಗಿಂತ ಹೆಚ್ಚು ಬಂತು. ತಮಾಷೆ ಏನು ಗೊತ್ತಾ? ಅಮ್ಮನನ್ನು ತಬ್ಬಿಕೊಂಡಿದ್ದು, ಮನೆ ಕ್ಲೀನ್ ಮಾಡಿದ್ದು ಕೂಡ ಆ ಒಳ್ಳೆಯ ಕೆಲಸಗಳಲ್ಲಿ ಸೇರಿತ್ತು!

ಇಲ್ಲೇ ಒಂದು ಎಡವಟ್ಟೂ ಆಗುತ್ತದೆ. ನನ್ನ ಮಗನೇ ಮಾಡಿಕೊಂಡಿದ್ದ. ವಾರಕ್ಕೊಂದು ರಬ್ಬರ್ ಮಾಯ. ಕೇಳಿದರೆ, "ಕೊಟ್ಟರೆ ಆಟಕ್ಕೆ ಸೇರಿಸ್ಕೋತಾರೆ" ಅಂದ. ರಬ್ಬರ್ ಖಾಲಿಯಾದ ದಿನ ಅವನು ಮತ್ತೆ ಗೋಡೆ ಪಕ್ಕ. ಅದು ಸ್ನೇಹ ಅಲ್ಲ, ವ್ಯಾಪಾರ. ಅವನನ್ನು ಬೈಯಲಿಲ್ಲ. "ನಾಳೆ ಏನೂ ಕೊಡಬೇಡ, ಯಾರಿಗೆ ಏನು ಬೇಕಾಗಿದೆ ಅಂತ ನೋಡು ಸಾಕು" ಅಂದೆ.

ಹೀಗೆ ನೋಡುವುದು ಹೇಗೆ ಅಂತ ನಾನೇ ಕಲಿತಿದ್ದು ನನ್ನ ತರಗತಿಯ ಒಬ್ಬ ಹುಡುಗಿಯಿಂದ. ಬಾಯೇ ಬಿಡದ ಮಗು. ಬಿಡುವಿನಲ್ಲಿ ಇಬ್ಬರು ಹುಡುಗಿಯರು ಉದ್ದ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಜಿಗಿಯುತ್ತಿದ್ದರು. ಗಂಟು ಪದೇ ಪದೇ ಜಾರುತ್ತಿತ್ತು. ಇವಳು ದೂರದಲ್ಲೇ ನಿಂತು ನೋಡಿದಳು. ಮೂರನೇ ಸಲ ಜಾರಿದಾಗ ಹೋಗಿ ಆ ತುದಿ ಹಿಡಿದುಕೊಂಡಳು. ಒಂದು ಮಾತಿಲ್ಲ. "ಇನ್ನೂ ಜೋರಾಗಿ ತಿರುಗಿಸು" ಅಂತ ಅವರೇ ಕೂಗಿದರು. ಗಂಟೆ ಹೊಡೆಯುವ ಹೊತ್ತಿಗೆ ಜಿಗಿಯುತ್ತಿದ್ದವಳು ಇವಳು, ಹಗ್ಗ ಅವರ ಕೈಯಲ್ಲಿ.

ಒಳ್ಳೆಯತನ ಅಂದರೆ ಎಲ್ಲದಕ್ಕೂ ಹೂಂ ಅನ್ನುವುದಲ್ಲ, ಅದನ್ನೂ ಹೇಳಿಕೊಡಿ. ಗೇಲಿ ಮಾಡುವವರಿಗೆ ಸಹಾಯ ಮಾಡಿ ಒಲಿಸಿಕೊಳ್ಳುವ ಹಂಗು ಮಗುವಿಗೆ ಬೇಡ. ಪದೇ ಪದೇ ಕಾಡಿದರೆ ಅದು ದೊಡ್ಡವರು ನೋಡಬೇಕಾದ ವಿಷಯ.

ಇನ್ನು, ಸಂಜೆ ಬಂದ ಕೂಡಲೇ "ಇವತ್ತು ಯಾರು ಫ್ರೆಂಡ್ ಆದರು?" ಅಂತ ಲೆಕ್ಕ ಕೇಳಬೇಡಿ. ನಾನು ಕೇಳುವುದು, "ಇವತ್ತು ಯಾರಿಗೆ ಬೇಜಾರಾಗಿತ್ತು?" ಅಂತ. ಮೊದಮೊದಲು ಮಗನಿಂದ "ಗೊತ್ತಿಲ್ಲ" ಅನ್ನುವ ಉತ್ತರವೇ ಬರುತ್ತಿತ್ತು. ಈಗ ಹೆಸರು ಹೇಳುತ್ತಾನೆ, ಯಾಕೆ ಅಂತಲೂ ಹೇಳುತ್ತಾನೆ.