ಮನೆಯಿಂದ ಲ್ಯಾಬ್ ಕೆಲಸ: ಒಮ್ಮೆ ಕೂತರೆ ಏಳದೆ ಎಷ್ಟು ಹೊತ್ತು?

ಮನೆಯಿಂದ ಕೆಲಸ ಹಂಚುವಾಗ, ಅದರಲ್ಲೂ ಮಹಿಳಾ ಸಂಶೋಧಕರಿಗೆ, ಲ್ಯಾಬಿನ ಮುಖ್ಯಸ್ಥರು ಕೇಳುವುದು “ದಿನಕ್ಕೆ ಎಷ್ಟು ಗಂಟೆ ಕೊಡಬಹುದು?” ಎಂದು. ಕೇಳಬೇಕಾದ್ದು “ಒಮ್ಮೆ ಕೂತರೆ ಏಳದೆ ಎಷ್ಟು ಹೊತ್ತು ಕೂರಬಹುದು?” ಎಂದು. ಕೊಣಾಜೆ, ಸುರತ್ಕಲ್, ಮಣಿಪಾಲದ ಯಾವ ಲ್ಯಾಬಿಗಾದರೂ ಈ ಮಾತು ಹೊಂದುತ್ತದೆ.

2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾಲದಲ್ಲಿ, ಅಮೆರಿಕ, ಯುರೋಪಿನ 4,535 ಸಂಶೋಧನಾ ಮುಖ್ಯಸ್ಥರ ಸಮೀಕ್ಷೆ ನಡೆಯಿತು. ವಾರದ ದುಡಿಮೆ ಸರಾಸರಿ 61 ಗಂಟೆಯಿಂದ 54ಕ್ಕೆ ಇಳಿದಿತ್ತು. ಸಂಶೋಧನೆಗೆ ಸಿಗುವ ಸಮಯ ಮಾತ್ರ ತೆಗೆದುಕೊಂಡರೆ ಮಹಿಳೆಯರಲ್ಲಿ ಗಂಡಸರಿಗಿಂತ 5%ರಷ್ಟು ಹೆಚ್ಚು ಕುಸಿತ. 5 ವರ್ಷದೊಳಗಿನ ಮಗು ಇರುವವರಲ್ಲಿ ಇಲ್ಲದವರಿಗಿಂತ 17%ರಷ್ಟು ಹೆಚ್ಚು. ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುತ್ತಿದ್ದುದು ದಿನಕ್ಕೆ 299 ನಿಮಿಷ, ಗಂಡಸರು 97.

ಆ 299 ನಿಮಿಷ ಒಟ್ಟಿಗೆ ಬಂದರೆ ಉಳಿದ ಹೊತ್ತು ಹೇಗೋ ಸಿಗುತ್ತಿತ್ತು. ಬರುವುದು ಚೂರುಚೂರಾಗಿ. ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಎರಡು ಸಲ ಎದ್ದು ನೋಡಬೇಕು. ಮೀನಿನವರ ಹಾರ್ನ್ ಕೇಳಿದರೆ ಗೇಟಿಗೆ ಓಡಬೇಕು. ಆನ್‌ಲೈನ್ ಕ್ಲಾಸಿನ ಲಿಂಕ್ ಕಡಿದರೆ ಮಗು ಕೂಗುವುದು ಅಮ್ಮನನ್ನೇ, ಅಪ್ಪ ಪಕ್ಕದ ಕೋಣೆಯಲ್ಲಿದ್ದರೂ.

ಹಾಗಾಗಿ ಕೆಲಸವನ್ನೇ ಕತ್ತರಿಸಿ ಕೊಡಬೇಕು. ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳ) ಎಣಿಕೆ ನೋಡಿ. ಸೆಡ್ಜ್‌ವಿಕ್ ರಾಫ್ಟರ್ ಸೆಲ್‌ನಲ್ಲಿ (ಎಣಿಕೆಗೆಂದೇ ಚೌಕ ಗೀಚಿದ ಪುಟ್ಟ ತಟ್ಟೆ) ಹಿಡಿಯುವುದು 1 ಮಿಲಿಲೀಟರ್ ನೀರು, ಅದರಲ್ಲಿ 1,000 ಚೌಕ: 50ರಂತೆ 20 ಸಾಲು. ಮೈಕ್ರೋಸ್ಕೋಪ್ ಮನೆಗೆ ತರುವಂತಿಲ್ಲವಲ್ಲ, ವಿಡಿಯೊ ಕಳಿಸಿ ಎಣಿಸಲು ಹೇಳುತ್ತಾರೆ. ಹದಿಮೂರನೇ ಸಾಲಿನಲ್ಲಿ ಎದ್ದು ಹೋದರೆ ಯಾವ ಡಯಾಟಮ್ (ಒಂದು ಬಗೆಯ ಸೂಕ್ಷ್ಮ ಪಾಚಿ) ಲೆಕ್ಕಕ್ಕೆ ಸೇರಿತು, ಯಾವುದು ಬಾಕಿ ಎಂದು ತಿಳಿಯದೆ ಮತ್ತೆ ಮೊದಲಿನಿಂದ. ಅದರ ಬದಲು ಒಂದು ಚೌಕಕ್ಕೆ ಒಂದು ಫೋಟೊ, ಫೈಲಿನ ಹೆಸರಲ್ಲೇ ಸಾಲು ಮತ್ತು ಚೌಕದ ನಂಬರ್, ಎಕ್ಸೆಲ್‌ನಲ್ಲಿ ಫೋಟೊಗೊಂದು ಸಾಲು. ನಡುವೆ ಎದ್ದರೆ ಹೋಗುವುದು ಒಂದೇ ಫೋಟೊ. ಸಾವಿರ ಚೌಕವೂ ಬೇಡ. ಲಾಟರಿಯಂತೆ ಮೊದಲೇ ಎತ್ತಿದ ಕೆಲವು ಚೌಕಗಳನ್ನು ಎಣಿಸಿ, ಚೌಕದ ಸರಾಸರಿಯನ್ನು 1,000ದಿಂದ ಗುಣಿಸಿದರೆ ಮಿಲಿಲೀಟರ್‌ನ ಲೆಕ್ಕ ಸಿಕ್ಕಿತು.

ಪೇಪರ್ ಬರೆಯುವುದನ್ನು ಹೀಗೆ ಕತ್ತರಿಸಲು ಬರುವುದಿಲ್ಲ. ಅದಕ್ಕೆ ನಡುವೆ ಏಳದೆ ಎರಡು ಗಂಟೆ ಬೇಕು, ಪೆಟ್ಟು ಬೀಳುವುದೂ ಅಲ್ಲಿಗೇ. 2020ರ ಫೆಬ್ರವರಿಯಿಂದ ಮೇವರೆಗೆ ಪ್ರಕಾಶನ ಸಂಸ್ಥೆ ಎಲ್ಸೆವಿಯರ್‌ನ ಎರಡು ಸಾವಿರಕ್ಕೂ ಹೆಚ್ಚು ಜರ್ನಲ್‌ಗಳಿಗೆ ಬಂದ ಲೇಖನಗಳು ಒಟ್ಟಾರೆ ಹೆಚ್ಚಿದವು, ಆದರೆ ಮಹಿಳೆಯರ ಕಡೆಯಿಂದ ಅಷ್ಟು ಹೆಚ್ಚಲಿಲ್ಲ. ಬರೆಯುವವರಿಗೆ ವಾರದಲ್ಲಿ ಎರಡು ಹೊತ್ತು ಲೈಬ್ರರಿಯಲ್ಲೋ ಖಾಲಿ ಕೋಣೆಯಲ್ಲೋ ಒಂದು ಮೇಜು ಕೊಡಿ, ಆ ಹೊತ್ತಿನಲ್ಲಿ ಮೀಟಿಂಗ್ ಇಡಬೇಡಿ. ಮೀಟಿಂಗಿನ ನಡಾವಳಿ ಬರೆಯುವುದು, ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಸಮಾಧಾನ ಹೇಳುವುದು, ಇವೆಲ್ಲ “ಮೇಡಂ ಚೆನ್ನಾಗಿ ಮಾಡ್ತಾರೆ” ಎಂದು ಒಬ್ಬರ ತಲೆಗೇ ಬೀಳುತ್ತವೆ. ಸರದಿ ಹಾಕಿ, ಸರದಿಯಲ್ಲಿ ನಿಮ್ಮ ಹೆಸರೂ ಇರಲಿ.

ಲ್ಯಾಬ್ ಅರ್ಧ ತೆರೆದಿರುವಾಗ ಮೈನಸ್ 80 ಡಿಗ್ರಿಯ ಫ್ರೀಜರ್ ನೋಡಿಕೊಳ್ಳುವ ಪಾಸ್ ಯಾರ ಕೈಯಲ್ಲಿದೆ ಎಂದೂ ಗಮನಿಸಿ. ಹುಡುಗರಾದರೆ ರಾತ್ರಿಯೂ ಬರುತ್ತಾರೆಂದು ಅವರಿಗೇ ಕೊಟ್ಟರೆ, ಫ್ರೀಜರ್ ನೋಡಲು ಬಂದವರು ಒಂದು ಜೆಲ್ (ಡಿಎನ್ಎ, ಪ್ರೋಟೀನ್ ಬೇರ್ಪಡಿಸಿ ನೋಡುವ ಪ್ರಯೋಗ) ಓಡಿಸಿಯೇ ಹೋಗುತ್ತಾರೆ. ಕೊನೆಗೆ ಪೇಪರಿನಲ್ಲಿ ಮೊದಲ ಹೆಸರೂ ಅವರದ್ದೇ. ಹಗಲಿನ ಪಾಸ್ ಬೇರೆ ಮಾಡಿ, ಬೆಂಚಿನಲ್ಲಿ ಪ್ರಯೋಗ ಮಾಡುವ ಹೊತ್ತನ್ನೂ ಪಟ್ಟಿಯಲ್ಲಿ ಬರೆಯಿರಿ.

ಎಲ್ಲರಿಗೂ ಗಡುವು ಒಂದೇ ಸಮ ಮುಂದೂಡಿದರೆ ಸರಿಹೋಯಿತು ಅನ್ನುವವರಿದ್ದಾರೆ. ಅಮೆರಿಕದ ಹಲವು ದೊಡ್ಡ ಅರ್ಥಶಾಸ್ತ್ರ ವಿಭಾಗಗಳು ಮಗು ಹುಟ್ಟಿದಾಗ ಅಪ್ಪ, ಅಮ್ಮ ಇಬ್ಬರಿಗೂ ಕೆಲಸ ಕಾಯಂ ಆಗುವ ಗಡುವನ್ನು ಮುಂದೆ ಹಾಕಿದವು. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದರಿಂದ ಕಾಯಂ ಆಗುವ ಗಂಡಸರು ಹೆಚ್ಚಿದರು, ಹೆಂಗಸರು ಕಡಿಮೆಯಾದರು. ಹೆಚ್ಚುವರಿ ವರ್ಷದಲ್ಲಿ ಬರೆಯಲು ಹೊತ್ತು ಯಾರಿಗಿತ್ತು ಎಂಬುದೇ ಪ್ರಶ್ನೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳಲ್ಲಿ ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ, ಅವಧಿಯಲ್ಲಿ ಹೆಚ್ಚುವರಿ 2 ವರ್ಷ ರಿಯಾಯಿತಿಗೆ ಅವಕಾಶವಿದೆ. ಅವರಾಗಿ ಕೇಳಲಿ ಎಂದು ಗೈಡ್ ಕಾಯಬಾರದು.

ಇನ್ನು ಗಡುವಿನ ದಿನ. ಸೋಮವಾರ ಬೆಳಗ್ಗೆ ಇಟ್ಟರೆ ಅದು ಭಾನುವಾರವನ್ನು ನುಂಗುತ್ತದೆ, ಭಾನುವಾರವೇ ಮನೆ ತುಂಬ ಜನ. ಗುರುವಾರ ಸಂಜೆ ಇಡಿ. ಜೂನ್, ಜುಲೈಯಲ್ಲಾದರೆ ಶುಕ್ರವಾರಕ್ಕೂ ಒಪ್ಪಿಕೊಳ್ಳಿ. ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಮೆಸ್ಕಾಂನವರು ಬರುವವರೆಗೆ ರೌಟರೂ ಇಲ್ಲ, ಮಿಕ್ಸಿಯೂ ಇಲ್ಲ.