ನೇತ್ರಾಣಿಗೆ ಹೋಗುವ ಮೊದಲು: ರಿಫ್ರೆಶರ್ ಬೇಕಾ, ಬೇಡ್ವಾ?

ಗೌರಿ ಹಬ್ಬದ ವಾರ

ಸದ್ಯದ ಸ್ಥಿತಿ ಇಷ್ಟು. ಸ್ಕೂಬಾ ಡೈವಿಂಗ್‌ನ, ಅಂದರೆ ಸಿಲಿಂಡರ್ ಗಾಳಿ ಉಸಿರಾಡುತ್ತಾ ನೀರಿನೊಳಗೆ ಇಳಿಯುವುದರ, ಮೊದಲ ಹಂತದ ಕೋರ್ಸ್ ಮುಗಿಸಿದ್ದಕ್ಕೆ ಸಿಕ್ಕ ಓಪನ್ ವಾಟರ್ ಕಾರ್ಡ್ ಇದೆ, ಅದಕ್ಕೆ ಎಕ್ಸ್‌ಪೈರಿ ಇಲ್ಲ. 18 ಮೀಟರ್ ಆಳಕ್ಕೆ ಇಳಿಯಲು ಕಾಗದದ ಲೆಕ್ಕದಲ್ಲಿ ಇವತ್ತಿಗೂ ನನಗೆ ಅನುಮತಿ ಇದೆ. ಆದರೆ ಕೊನೆಯ ಡೈವ್ ಮಾಡಿದ್ದು ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಕೋವಿಡ್‌ಗೂ ಮುಂಚೆ. ಆಮೇಲೆ ಮಗಳ ಶಾಲೆ, ಮನೆ ಸಾಲ, ಅದು ಇದು. ಲಾಗ್ ಬುಕ್ ಅಟ್ಟ ಸೇರಿತು.

ಈಗ ಅಕ್ಕನ ಮಗ ಹೊಸದಾಗಿ ಕೋರ್ಸ್ ಮುಗಿಸಿದ್ದಾನೆ. ಮಳೆಗಾಲ ಕಳೆದು ಮುರುಡೇಶ್ವರದಿಂದ ಬೋಟುಗಳು ಶುರುವಾದ ಮೇಲೆ ಇಬ್ಬರೂ ಅಲ್ಲಿನ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಡೈವ್ ಮಾಡಲು ಹೋಗುವುದು ಅಂತ ಮಾತಾಗಿದೆ. ಅದಕ್ಕೂ ಮೊದಲು ರಿಫ್ರೆಶರ್, ಅಂದರೆ ಕಲಿತದ್ದನ್ನು ಮತ್ತೆ ನೆನಪಿಸುವ ಚಿಕ್ಕ ತರಬೇತಿ, ತಗೊಂಡ್ರೆ ಹೇಗೆ ಅಂದಿದ್ದಕ್ಕೆ ನಕ್ಕುಬಿಟ್ಟ. "ಕಲಿತ ಈಜು ಮರೆತುಹೋಗುತ್ತಾ ಮಾಮ?"

ಮರೆಯುವುದಿಲ್ಲ, ನಿಜ. ಈಜಂತೂ ನಾನು ಬಿಟ್ಟೇ ಇಲ್ಲ, ವಾರಕ್ಕೆರಡು ಸಲ ಹೋಗುತ್ತೇನೆ. ಆದರೆ ಸ್ಕೂಬಾ ಅಂದರೆ ಈಜು ಅಲ್ಲವಲ್ಲ. ಆರು ತಿಂಗಳೋ ಒಂದು ವರ್ಷವೋ ನೀರಿಗಿಳಿಯದಿದ್ದರೆ ರಿಫ್ರೆಶರ್ ಮಾಡಿ ಅಂತಲೇ ತರಬೇತಿ ಸಂಸ್ಥೆಗಳು ಹೇಳುತ್ತವೆ. ಪ್ಯಾಡಿಯಲ್ಲಿ ಅದಕ್ಕೆ ರೀಆಕ್ಟಿವೇಟ್ ಅಂತ ಹೆಸರು, ಎಸ್‌ಎಸ್‌ಐನಲ್ಲಿ ಸ್ಕಿಲ್ಸ್ ಅಪ್‌ಡೇಟ್. ಕಡ್ಡಾಯ ಅಲ್ಲ. ಕಡ್ಡಾಯ ಅಲ್ಲದ್ದಕ್ಕೆ ದುಡ್ಡು ಕೊಡುವುದು ಯಾರಿಗೆ ತಾನೇ ಇಷ್ಟ?

ಅಟ್ಟ ಇಳಿಸಿದ ಭಾನುವಾರ

ಮಾಸ್ಕ್, ಫಿನ್ಸ್, ಆಳ ಮತ್ತು ಸಮಯ ತೋರಿಸುವ ಡೈವ್ ಕಂಪ್ಯೂಟರ್. ನನ್ನ ಸ್ವಂತದ್ದು ಇಷ್ಟೇ. ರೆಗ್ಯುಲೇಟರ್ (ಸಿಲಿಂಡರ್ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಮತ್ತು ಬಿಸಿಡಿ (ಗಾಳಿ ತುಂಬಿ, ಬಿಟ್ಟು ತೇಲಾಟ ಹಿಡಿತದಲ್ಲಿಡುವ ಜಾಕೆಟ್) ಯಾವಾಗಲೂ ಬಾಡಿಗೆಗೆ.

ಮಾಸ್ಕಿನ ಸಿಲಿಕೋನ್ ಹಳದಿ ಬಣ್ಣಕ್ಕೆ ತಿರುಗಿದೆ. ಅದು ಪರವಾಗಿಲ್ಲ, ನೋಡೋಕೆ ಚೆನ್ನಾಗಿಲ್ಲ ಅಷ್ಟೇ. ತೊಂದರೆ ಇರುವುದು ಪಟ್ಟಿಯಲ್ಲಿ. ಬಕಲ್ ಕಚ್ಚುವ ಜಾಗದಲ್ಲಿ ಎಳೆದು ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಕಾಣುತ್ತವೆ. ಹದಿನೈದು ಮೀಟರ್ ಕೆಳಗೆ ಕಿತ್ತುಕೊಳ್ಳುವುದು ಬೇಡ ಅಂತ ಹೊಸ ಪಟ್ಟಿ ತರಿಸಿದೆ. ಕಂಪ್ಯೂಟರ್‌ನ ಬ್ಯಾಟರಿ ಸತ್ತಿತ್ತು. ಬ್ಯಾಟರಿ ಜೊತೆಗೇ ಓ-ರಿಂಗ್ ಬದಲಿಸಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿದೆ. ಒಂದು ಕೂದಲು, ಒಂದು ಮರಳಿನ ಕಣ ಅದರ ಕೆಳಗೆ ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತದೆ. ಹಾಗಾಗಿ ಕನ್ನಡಕ ಹಾಕಿಕೊಂಡೇ ಕೂತಿದ್ದೆ.

ಆಮೇಲೆ ಮೆಡಿಕಲ್ ಫಾರ್ಮ್. ಕೋರ್ಸ್ ಮಾಡುವಾಗ ಎಲ್ಲಕ್ಕೂ 'ಇಲ್ಲ' ಅಂತ ಬರೆದು ಸಹಿ ಹಾಕಿದ್ದವನು ನಾನು. ಈಗ ನಲವತ್ತೈದು ದಾಟಿದವರಿಗೆ ಇರುವ ಪ್ರಶ್ನೆಗಳೂ ನನಗೆ ಅನ್ವಯ: ಸಿಗರೇಟು, ಕೊಲೆಸ್ಟ್ರಾಲ್, ಬಿಪಿ. ಬಿಪಿ ಮಾತ್ರೆ ತಗೊಳ್ಳುತ್ತೇನೆ, ಅಲ್ಲಿಗೆ ಡಾಕ್ಟರ ಸಹಿ ಬೇಕೇ ಬೇಕು ಅಂತಾಯಿತು. ನಮ್ಮ ಡಾಕ್ಟರು ಇಸಿಜಿ ಮಾಡಿಸಿ, ಮೆಟ್ಟಿಲು ಹತ್ತಿಸಿ, ಕಿವಿ ನೋಡಿ, ಆಮೇಲೆ ಸಹಿ ಹಾಕಿದರು. "ನೆಗಡಿ ಇದ್ದಾಗ ಮಾತ್ರ ಇಳೀಬೇಡಿ" ಅಂದರು. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿದೂಗುವುದಿಲ್ಲ. ಅದನ್ನು ಬಲವಂತವಾಗಿ ಮಾಡಲು ಹೋಗಿ ಕಿವಿ ತಮಟೆ ಹರಿದುಕೊಂಡವರಿದ್ದಾರೆ.

ದಸರಾ ರಜೆ

ಒಂದು ಪ್ರಯೋಗ ಮಾಡಿದೆ. ಹಳೆಯ ಪುಸ್ತಕ ತೆಗೆಯದೆ, ಸುಮ್ನೆ ಸೋಫಾದ ಮೇಲೆ ಕೂತು, ಸಿಲಿಂಡರ್‌ಗೆ ಬಿಸಿಡಿ ಕಟ್ಟುವುದರಿಂದ ಹಿಡಿದು ಮತ್ತೆ ಬೋಟು ಹತ್ತುವವರೆಗೆ ಬಾಯಲ್ಲಿ ಹೇಳುತ್ತಾ ಹೋದೆ.

ಲೆಕ್ಕಗಳೆಲ್ಲಾ ನೆನಪಿವೆ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿ. ಸಿಲಿಂಡರ್‌ನೊಳಗಿನ ಒತ್ತಡ 200 ಬಾರ್ ಇರುವಾಗ ಶುರು, 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು. ಏರುವುದು ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗಿ ಬೇಡ, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಬಾಯಿಪಾಠ.

ಆಮೇಲೆ ಕೈಗೆ ಪ್ರಶ್ನೆ ಹಾಕಿದೆ. ಬಿಸಿಡಿಯ ಗಾಳಿ ತುಂಬುವ ಗುಂಡಿ ಯಾವುದು, ಬಿಡುವ ಗುಂಡಿ ಯಾವುದು? ಬೆರಳು ಒಂದು ಕ್ಷಣ ಯೋಚನೆ ಮಾಡಿತು. ಬಾಯಿಂದ ರೆಗ್ಯುಲೇಟರ್ ಜಾರಿದರೆ ಬಲಗೈ ಯಾವ ಕಡೆಯಿಂದ ಬಳಸಿ ಹುಡುಕಬೇಕು? ಮತ್ತೆ ಯೋಚನೆ. ಸೋಫಾದ ಮೇಲೆ ಯೋಚಿಸಲು ಬೇಕಾದಷ್ಟು ಪುರುಸೊತ್ತು ಇರುತ್ತದೆ, ನೀರಿನೊಳಗೆ ಇರುವುದಿಲ್ಲ.

ಇಷ್ಟಾದರೂ ನನ್ನೊಬ್ಬನ ವಿಷಯವಾಗಿದ್ದರೆ ಹೇಗೋ ನಡೆಯುತ್ತದೆ ಅಂದುಕೊಳ್ಳುತ್ತಿದ್ದೆನೇನೋ. ಆದರೆ ಹುಡುಗನ ಗಾಳಿ ಮುಗಿದರೆ ಅವನು ಕೈಚಾಚುವುದು ನನ್ನ ಆಕ್ಟೋಪಸ್‌ಗೆ, ಅಂದರೆ ಜೊತೆಗಾರನಿಗೆ ಅಂತಲೇ ಇರುವ ಎರಡನೇ ಉಸಿರಿನ ಕೊಳವೆಗೆ. ಅವನು ಹೊಸಬ, ನಾನು ಮರೆತವನು. ನೇತ್ರಾಣಿ ಬೋಟಿನಲ್ಲಿ ಹೆಚ್ಚಿನವರು ಮೊದಲ ಸಲ ಇಳಿಯುವವರು. ಅವರನ್ನು ತರಬೇತುದಾರರು ಹಿಡಿದೇ ಓಡಾಡಿಸುತ್ತಾರೆ, ವಿಡಿಯೋ ಕೂಡ ಮಾಡಿಕೊಡುತ್ತಾರೆ. ಕಾರ್ಡ್ ಇದೆ ಅಂತ ತೋರಿಸಿದವನನ್ನು ಯಾರೂ ಹಿಡಿದುಕೊಳ್ಳುವುದಿಲ್ಲ.

ಹಾಗಾಗಿ ತೀರ್ಮಾನ ಆಯಿತು, ರಿಫ್ರೆಶರ್ ತಗೊಳ್ಳುವುದೇ. ಉಳಿದ ಪ್ರಶ್ನೆ ಎಲ್ಲಿ ಅನ್ನುವುದು. ನೇತ್ರಾಣಿಯಲ್ಲೇ ಮೊದಲ ಡೈವನ್ನು ರಿಫ್ರೆಶರ್ ಮಾಡಿಕೊಳ್ಳಬಹುದು, ಒಂದು ದಿನ ಉಳಿಯುತ್ತದೆ. ಆದರೆ ಅದು ದಡದಿಂದ ಸುಮಾರು 19 ಕಿ.ಮೀ. ದೂರದ ಬಂಡೆ ದ್ವೀಪ. ನಿಂತುಕೊಂಡು ಅಭ್ಯಾಸ ಮಾಡಲು ಅಲ್ಲಿ ಮರಳ ತೀರವಿಲ್ಲ, ಬೋಟಿನಿಂದ ನೇರ ಆಳಕ್ಕೆ. ಅಲೆ ಜೋರಿದ್ದರೆ ವಾಂತಿ ಬೇರೆ. ಮಾಸ್ಕಿಗೆ ನೀರು ತುಂಬಿಸಿಕೊಳ್ಳುವ ಮೊದಲ ಸಲವನ್ನು ಅಲ್ಲಿ ಇಟ್ಟುಕೊಳ್ಳುವುದು ಬೇಡ ಅನ್ನಿಸಿತು. ಬೆಂಗಳೂರಿನ ಈಜುಕೊಳವೇ ಸರಿ.

ದೀಪಾವಳಿ ಆದಮೇಲೆ, ಕೊಳದಲ್ಲಿ

ಕಲಿಸಿದವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತು ಕಮ್ಮಿ, ಕಣ್ಣು ಚುರುಕು.

ಮೊದಲ ಪಾಠ ನೀರಿಗಿಳಿಯುವ ಮುಂಚೆಯೇ ಸಿಕ್ಕಿತು. ಸಿಲಿಂಡರ್ ವಾಲ್ವ್ ಪೂರ್ತಿ ತೆರೆದು, ಆಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸುವುದು ನಮಗೆ ಕಲಿಸಿದ್ದ ರೂಢಿ. "ಪೂರ್ತಿ ತೆರೆದು ಹಾಗೇ ಬಿಡಿ ಸರ್" ಅಂದರು. ಕಾಲು ಸುತ್ತಿನ ರೂಢಿಯಲ್ಲಿ ದಿಕ್ಕು ತಪ್ಪಿ, ಮುಚ್ಚಿರುವ ವಾಲ್ವನ್ನು ಯಾರೋ ಕಾಲು ಸುತ್ತು ಮಾತ್ರ ತೆರೆದಿಟ್ಟರೂ ಮೇಲೆ ಉಸಿರು ಸಲೀಸಾಗಿ ಬರುತ್ತದೆ, ಆಳಕ್ಕೆ ಹೋದ ಮೇಲೆ ಗಾಳಿ ಸಾಲುವುದಿಲ್ಲ. ಪರೀಕ್ಷೆ ಸುಲಭ: ಗೇಜ್ ನೋಡುತ್ತಾ ಜೋರಾಗಿ ನಾಲ್ಕು ಉಸಿರು ಎಳೆಯಬೇಕು. ಮುಳ್ಳು ಕುಣಿದರೆ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ಮುಳ್ಳು ಅಲುಗಲಿಲ್ಲ, ಇಳಿದೆವು.

ಮಾಸ್ಕ್ ಖಾಲಿ ಮಾಡುವುದರಲ್ಲಿ ಅಚ್ಚರಿ ಕಾದಿತ್ತು. ನೀರು ಹುಬ್ಬಿನವರೆಗೆ ತುಂಬಿಸಿಕೊಳ್ಳಬೇಕು, ಮೇಲಂಚನ್ನು ಎರಡು ಬೆರಳಿನಲ್ಲಿ ಒತ್ತಿ, ತಲೆ ಸ್ವಲ್ಪ ಮೇಲೆತ್ತಿ, ಮೂಗಿನಿಂದ ನಿಧಾನಕ್ಕೆ ಊದಬೇಕು. ಅದು ಬಂತು. ಆದರೆ ಮಾಸ್ಕ್ ಖಾಲಿಯಾದ ಮೇಲೂ ನನ್ನ ಮೂಗು ಊದುವುದನ್ನು ನಿಲ್ಲಿಸಲಿಲ್ಲ! ಪ್ರತಿ ಉಸಿರಿಗೂ ಅಂಚಿನಿಂದ ಗುಳ್ಳೆ ಹೊರಟು, ಆ ಸಂದಿಯಲ್ಲೇ ಮತ್ತೆ ನೀರು ಒಳಗೆ. ಇಷ್ಟು ವರ್ಷ ಬಿಡದೆ ಈಜಿದ್ದರ ಫಲ ಇದು. ಮುಖ ನೀರಿನಲ್ಲಿದ್ದರೆ ಮೂಗಿನಿಂದ ಬಿಡು ಅಂತ ಮೈಗೆ ರೂಢಿಯಾಗಿಬಿಟ್ಟಿದೆ. ಜೊತೆಗೆ ಈಜುಗಾರ ನಡುನಡುವೆ ಉಸಿರು ಹಿಡಿಯುತ್ತಾನೆ. ಸ್ಕೂಬಾದಲ್ಲಿ ಅದೊಂದನ್ನು ಮಾತ್ರ ಮಾಡಲೇಬಾರದು. ಸಿಲಿಂಡರ್ ಗಾಳಿ ಎಳೆದು, ಉಸಿರು ಹಿಡಿದು ಮೇಲೆ ಬಂದರೆ ಶ್ವಾಸಕೋಶಕ್ಕೆ ಪೆಟ್ಟಾಗಲು ಒಂದೂವರೆ ಮೀಟರ್ ಆಳವೂ ಸಾಕು. ಕೊಳದ ತಳದಲ್ಲಿ ಮಂಡಿಯೂರಿ, ಬಾಯಲ್ಲಿ ಎಳೆ, ಬಾಯಲ್ಲಿ ಬಿಡು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಹಳ ಹೊತ್ತು ಕೂತಿದ್ದೆ.

ತೇಲಾಟ ಹಿಡಿತಕ್ಕೆ ಬರಲು ಇನ್ನೂ ಹೊತ್ತಾಯಿತು. ಇಷ್ಟು ಕಮ್ಮಿ ನೀರಿನಲ್ಲಿ ಏನು ಮಹಾ ಅನ್ನಿಸಬಹುದು. ಆದರೆ ಕಷ್ಟ ಇರುವುದೇ ಕಮ್ಮಿ ನೀರಿನಲ್ಲಿ. ಮೇಲಿನಿಂದ ಹತ್ತು ಮೀಟರಿಗೆ ಇಳಿಯುವಷ್ಟರಲ್ಲಿ ಬಿಸಿಡಿಯೊಳಗಿನ ಗಾಳಿಯ ಗಾತ್ರ ಅರ್ಧವಾಗುತ್ತದೆ. ಮುಂದಿನ ಹತ್ತರಲ್ಲಿ ಉಳಿದದ್ದರ ಮೂರನೇ ಒಂದು ಭಾಗ ಮಾತ್ರ ಇಳಿಯುತ್ತದೆ. ಅಂದರೆ ಐದು ಮೀಟರಿನಲ್ಲಿ ಮೂರು ನಿಮಿಷ ಕದಲದೆ ನಿಲ್ಲುವುದೇ ಇಡೀ ಡೈವಿನ ತ್ರಾಸದ ಕೆಲಸ, ಅದನ್ನು ಕೊಳದಲ್ಲೇ ಕಲಿಯಬಹುದು. ಮುಳುಗಲು ಮೈಗೆ ಕಟ್ಟಿಕೊಳ್ಳುವ ತೂಕದ ಲೆಕ್ಕವನ್ನು ಮಾತ್ರ ಕೊಳದ ಸಿಹಿನೀರಿನಿಂದ ಸಮುದ್ರಕ್ಕೆ ಹಾಗೇ ತಗೊಂಡು ಹೋಗುವಂತಿಲ್ಲ. ಉಪ್ಪುನೀರು ಮೇಲಕ್ಕೆ ತಳ್ಳುತ್ತದೆ, ಎರಡು ಕಿಲೋ ಹೆಚ್ಚಿಗೆ ಬೇಕಾಗಬಹುದು. ಬೋಟಿನ ಪಕ್ಕ ಮತ್ತೆ ನೋಡಿಕೊಳ್ಳಬೇಕು.

ಹುಡುಗನೂ ಜೊತೆಗೆ ಇಳಿದಿದ್ದ, ದಂಡಕ್ಕೆ ಅಂತ ಗೊಣಗುತ್ತಾ. ಗಾಳಿ ಹಂಚಿಕೊಳ್ಳುವುದನ್ನು ಇಬ್ಬರೂ ಸೇರಿ ಸಾಕೆನ್ನುವವರೆಗೆ ಮಾಡಿದೆವು. ಕೊನೆಗೆ ಅವನ ಗೊಣಗಾಟ ನಿಂತಿತ್ತು.

ಟಿಕೆಟ್ ಮಾಡುವ ಮುನ್ನ

ಥಿಯರಿ ತಿರುವಿ ಹಾಕುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಒಂದೇ ಡೈವ್ ಮಾಡಿದ್ದರೆ 12 ಗಂಟೆ, ಹೆಚ್ಚು ಮಾಡಿದ್ದರೆ 18 ಗಂಟೆ ವಿಮಾನ ಹತ್ತಬಾರದು ಅನ್ನುವ ನಿಯಮ ಎಲ್ಲರಿಗೂ ಗೊತ್ತು. ಅಂಡಮಾನಿನಲ್ಲಿ ಅದನ್ನು ಪಾಲಿಸಿಯೂ ಇದ್ದೆವು. ಆದರೆ ಅದು ಬರೀ ವಿಮಾನದ ಮಾತಲ್ಲ, ಎತ್ತರದ ಮಾತು. ಸುಮಾರು 600 ಮೀಟರ್ ಎತ್ತರದಿಂದಲೇ ಆ ಲೆಕ್ಕ ಶುರುವಾಗುತ್ತದೆ. ಬೆಂಗಳೂರು ಇರುವುದು 900 ಮೀಟರಿಗೂ ಮೇಲೆ. ಬಸ್ಸಿನಲ್ಲಿ ಗೇರುಸೊಪ್ಪ ಘಾಟಿ ಹತ್ತಿ, ರೈಲಿನಲ್ಲಿ ಸಕಲೇಶಪುರದ ಘಾಟಿ ಹತ್ತಿ, ಡೈವ್‌ನಲ್ಲಿ ಮೈಗೆ ಸೇರಿ ಉಳಿದ, ಎತ್ತರದಲ್ಲಿ ಒತ್ತಡ ಇಳಿದರೆ ಗುಳ್ಳೆಯಾಗಬಲ್ಲ ನೈಟ್ರೋಜನ್‌ಗೆ ಎರಡೂ ಒಂದೇ.

ಭಾನುವಾರ ಡೈವ್ ಮಾಡಿ ಅದೇ ರಾತ್ರಿ ಬಸ್ ಹತ್ತಿ ಸೋಮವಾರ ಆಫೀಸಿಗೆ ಅನ್ನುವುದು ನಮ್ಮ ಪ್ಲಾನ್ ಆಗಿತ್ತು. ಎರಡನೇ ಡೈವ್ ಮುಗಿಸಿ ಮಧ್ಯಾಹ್ನ ಒಂದಕ್ಕೆ ಮೇಲೆ ಬಂದರೂ 18 ಗಂಟೆ ತುಂಬುವುದು ಮರುದಿನ ಬೆಳಿಗ್ಗೆ ಏಳಕ್ಕೆ. ಸೋಮವಾರ ರಜೆ ಹಾಕಿ, ಬೆಳಗಿನ ಬಸ್ಸಿಗೆ ಎರಡು ಸೀಟು ಮಾಡಿದ್ದೇನೆ.